ತೋಪು ಅಂದರೆ ಫಿರಂಗಿಯಲ್ಲ

ಕುರುಗೋಡು ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮೂರ ಹಳ್ಳದ ದಂಡೆಗೆ ಹಳೇ ಹುಣಸೆ ಮರಗಳಿರುವ ಜಾಗಕ್ಕೆ ತೋಪು ಅಂತೀವಿ. ಹೈದರಾಲಿ ಬಳ್ಳಾರಿ ಕೋಟೆಯ ಮೇಲೆ ಬಂದಾಗ ಅಲ್ಲಿ ಫಿರಂಗಿ ನಿಲ್ಲಿಸಿದ್ದಕ್ಕೆ ಆ ಹೆಸರಂತೆ. ನಿಜವೇ?”

ಮಾನ್ಯರೆ, ಆ ಹೆಸರಿಗೆ ಫಿರಂಗಿ ಬೇಕಿಲ್ಲ. ಫಿರಂಗಿಗೂ ತೋಪು ಅನ್ನುತ್ತಾರೆ, ಮರಗಳ ಗುಂಪಿಗೂ ತೋಪು ಅನ್ನುತ್ತಾರೆ; ಕಿವಿಗೆ ಒಂದೇ ಆದರೂ ಇವು ಎರಡು ಬೇರೆ ಪದ. ಫಿರಂಗಿಯ ತೋಪು ಮೂಲದಲ್ಲಿ ತುರ್ಕಿ ಮಾತು. ಪಾರಸಿಯ ಮೂಲಕ, ದಂಡಿನ ಜೊತೆ ಬಂದದ್ದು. ಮರಗಳ ತೋಪು ದಕ್ಷಿಣದ್ದೇ. ತೆಲುಗಿನಲ್ಲೂ ತೋಪು, ತಮಿಳಿನಲ್ಲಿ ತೋಪ್ಪು. ಮೈಸೂರು ಸೀಮೆಯಲ್ಲಿ ಊರೊಟ್ಟಿನ ಮರಗಳ ಜಾಗಕ್ಕೆ ‘ಗುಂಡುತೋಪು’ ಅನ್ನುತ್ತಾರೆ. ಅದನ್ನು ಕೇಳಿದವರಿಗೆ ಗುಂಡೂ ತೋಪೂ ಎರಡೂ ಯುದ್ಧದ ಸಾಮಾನಾಗಿಯೇ ಕಂಡರೆ ಆಶ್ಚರ್ಯವಿಲ್ಲ.

ಇಂಗ್ಲಿಷರು ಇದನ್ನು ಇನ್ನಷ್ಟು ಗೋಜಲು ಮಾಡಿದರು. ಫಿರಂಗಿ, ಮರಗಳ ಗುಂಪು, ಬೌದ್ಧ ಸ್ತೂಪ ಮೂರನ್ನೂ ‘ಟೋಪ್’ ಎಂದೇ ಬರೆದರು. ಸ್ತೂಪದ ‘ಟೋಪ್’ ಪಾಳಿಯ ‘ಥೂಪ’ಕ್ಕೆ ಸಂಬಂಧಿಸಿದ ಪದ. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ಎಂಬ, ಇಲ್ಲಿಯ ಇಂಗ್ಲಿಷರ ಬಳಕೆಯ ಪದಗಳ ನಿಘಂಟು ಮೂರನ್ನೂ ಬಿಡಿಸಿಟ್ಟು, ಮರಗಳ ತೋಪಿಗೆ ತಮಿಳು ತೆಲುಗುಗಳನ್ನೇ ತೋರಿಸುತ್ತದೆ. ನಮ್ಮ ಪದ ಹಿಡಿದುಕೊಂಡು ಅವರು ಉತ್ತರದ ಮಾವಿನ ತೋಟಗಳಿಗೂ ಅದನ್ನೇ ಅಂದರು. ಅಲ್ಲಿಯ ಜನಕ್ಕೆ ಆ ಅರ್ಥವೇ ಗೊತ್ತಿರಲಿಲ್ಲ.

ತೋಟವೇ ಬೇರೆ, ತೋಪೇ ಬೇರೆ. ತೋಟಕ್ಕೆ ನೀರು, ಬೇಲಿ, ದಿನದ ಆರೈಕೆ ಬೇಕು. ತೋಪು ಯಾರೋ ಹಿರಿಯರು ನೆಟ್ಟದ್ದು, ಬೇರೂರಿದ ಮೇಲೆ ಮಳೆಯಲ್ಲೇ ಬದುಕಿದ್ದು; ಹೆಚ್ಚಾಗಿ ಹುಣಸೆ, ಮಾವು, ಬೇವು. ಬೇಸಿಗೆಯಲ್ಲಿ ಉದ್ದನೆ ಗಳದಿಂದ ಹುಣಸೆ ಬಡಿಯುತ್ತಾರೆ, ಹೆಂಗಸರು ನೆರಳಲ್ಲಿ ಕೂತು ಓಡು ಬಿಡಿಸಿ ಬೀಜ ಕುಟ್ಟಿ ತೆಗೆಯುತ್ತಾರೆ. ತಾನೇ ಬೆಳೆದದ್ದು ಅಡವಿ. ನಮ್ಮ ಕಡೆ ಹೊಲಕ್ಕೆ ಹೋದವನನ್ನೂ ‘ಅಡವಿಗೆ ಹೋಗ್ಯಾನ’ ಅಂತಾರೆ, ಅದು ಇರಲಿ. ದೇವರ ಹೆಸರಲ್ಲಿ ಕೊಡಲಿ ತಾಗದೆ ಉಳಿದದ್ದು ಬನ. ಸಂಸ್ಕೃತದ ವನವೇ, ವರ್ಣ ಬಣ್ಣವಾದ ಹಾಗೆ, ಬನವಾಗಿದೆ.

ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಮದರಾಸಿನ ಕಂದಾಯ ಲೆಕ್ಕದಲ್ಲಿ ‘ತೋಪು ಪೊರಂಬೋಕು’ ಎಂಬ ಬಾಬತ್ತೇ ಇತ್ತು. ಒಬ್ಬರ ಸ್ವತ್ತಲ್ಲದ, ಊರಿನ ಉಪಯೋಗದ ಮರಗಳ ಜಾಗ ಅದು. ಫಿರಂಗಿ ಕಥೆ ನಂಬಿದರೆ ಆ ಹೆಸರು ಮುಗಿದ ಯುದ್ಧದ ಗುರುತು ಮಾತ್ರ. ಮರಗಳ ತೋಪು ಎಂದೇ ತಿಳಿದರೆ ಅಲ್ಲಿ ಮರ ಇರಬೇಕೆಂದು ಕೇಳುವ ಬಲ ನಿಮಗಿರುತ್ತದೆ. ಆ ಸರ್ವೆ ನಂಬರಿನ ಹಳೆಯ ದಾಖಲೆಯನ್ನೂ ಈಗಿನ ಪಹಣಿಯನ್ನೂ ತಹಶೀಲ್ದಾರ್ ಕಚೇರಿಯಿಂದ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ. ಜಾಗದ ಬಾಬತ್ತು ಬದಲಾಗಿದ್ದರೆ ಗ್ರಾಮಸಭೆಯಲ್ಲಿ ಎತ್ತಿ, ನಮಗೂ ಬರೆಯಿರಿ.

— ಸಂಪಾದಕ