ಓದುಗರ ಪ್ರಶ್ನೆ: ಯಾವ ವಾರ್ಡು ಅಂತ ಯಾರು ಹೇಳಬೇಕು?

ಪ್ರಶ್ನೆ: ಮೇಡಂ, ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂದರು, ಬದುಕುತ್ತಿರುವುದು ಹೆಣ್ಣಾಗಿ. ಹೋದ ಮಳೆಗಾಲದಲ್ಲಿ ಡೆಂಗಿ ಬಂದು ಆಸ್ಪತ್ರೆ ಸೇರಿದೆ. ಆಧಾರ್ ಕಾರ್ಡಿನಲ್ಲಿ ಇನ್ನೂ ಹಳೇ ಹೆಸರೇ ಇದೆ. ಚೀಟಿ ಬರೆಯುವವರು ಅದನ್ನು ನೋಡಿ ಗಂಡಸರ ವಾರ್ಡಿಗೆ ಕಳಿಸಿದರು. ನೈಟಿ ಹಾಕಿಕೊಂಡು ಅಲ್ಲಿ ಮಲಗಿದ್ದೆ. ಅಕ್ಕಪಕ್ಕದ ರೋಗಿಗಳನ್ನು ನೋಡೋಕೆ ಬಂದವರೆಲ್ಲ ನನ್ನನ್ನೇ ನೋಡಿಕೊಂಡು ಹೋಗುತ್ತಿದ್ದರು. ರಾತ್ರಿ ಗಂಡಸರ ಶೌಚಾಲಯಕ್ಕೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಬಿಟ್ಟೆ. ಕೊನೆಗೆ ಡಾಕ್ಟರು ಬೇಡ ಅಂದರೂ, ನನ್ನಿಷ್ಟದ ಮೇಲೆ ಹೋಗುತ್ತಿದ್ದೇನೆ ಅಂತ ಬರೆದುಕೊಟ್ಟು ಮನೆಗೆ ಬಂದೆ. ಹೆಂಗಸರ ವಾರ್ಡು ಕೊಡಿ ಅಂತ ಕೇಳುವ ಹಕ್ಕು ನನಗಿತ್ತಾ?
– ಹೆಸರು, ಊರು ಬೇಡ

ಉತ್ತರ: ಇತ್ತು, ಈಗಲೂ ಇದೆ. ನೀವು ನೀರು ಬಿಟ್ಟಿರಿ ಅಂತ ಓದಿದಾಗ ನನಗೆ ಎದೆ ಧಸಕ್ಕೆಂದಿತು. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯಬಹುದು, ಅದಕ್ಕೇ ಅಲ್ವಾ ಆಸ್ಪತ್ರೆಯಲ್ಲಿಟ್ಟು ಡ್ರಿಪ್ ಹಾಕಿ, ಎಷ್ಟು ಕುಡಿದಿರಿ ಎಷ್ಟು ಮೂತ್ರ ಹೋಯಿತು ಅಂತ ಬರೆದಿಡುವುದು. ಹಾಸಿಗೆ ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಕಾನೂನು. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲೇ, ಆಸ್ಪತ್ರೆಗಳಲ್ಲಿ ನಿಮಗೆ ಸರಿಯಾದ ವೈದ್ಯಕೀಯ ಸೇವೆ ಸಿಗುವಂತೆ ಮಾಡಿ ಅಂತ ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತ್ತು. ಆಮೇಲೆ ಬಂದದ್ದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆ. ಚಿಕಿತ್ಸೆ ಕೊಡದೆ ಇರುವುದು, ನಡುವೆ ನಿಲ್ಲಿಸುವುದು, ಚಿಕಿತ್ಸೆಯಲ್ಲಿ ಭೇದ ಮಾಡುವುದು, ಮೂರನ್ನೂ ಅದು ನಿಷೇಧಿಸಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಅದೇ ಕಾಯ್ದೆಯ 2020ರ ನಿಯಮಗಳಲ್ಲಿ. ಆಸ್ಪತ್ರೆಯಲ್ಲಿ ಗಂಡಸರ ವಾರ್ಡು, ಹೆಂಗಸರ ವಾರ್ಡು ಅಥವಾ ಪ್ರತ್ಯೇಕ ವಾರ್ಡು, ಹೀಗೆ ಆಯ್ಕೆ ಇರುವ ಹಾಗೆ ಸರ್ಕಾರ ಎರಡು ವರ್ಷದೊಳಗೆ ಏರ್ಪಾಡು ಮಾಡಬೇಕು ಅಂತ ಅದರಲ್ಲಿ ಬರೆದಿದೆ. ಅಂದರೆ ಗಡುವು 2022ಕ್ಕೇ ಮುಗಿಯಿತು. ಚೀಟಿ ಬರೆಯುವ ಕಿಟಕಿಯವರೆಗೆ ಆ ಕಾಗದ ಬಂದಿದೆಯಾ ಅಂದರೆ, ಬಹಳ ಕಡೆ ಬಂದಿಲ್ಲ.

ಹಾಗಾಗಿ ಮುಂದಿನ ಸಲ ಕಿಟಕಿಯಲ್ಲಿ ವಾದಕ್ಕೆ ನಿಲ್ಲಬೇಡಿ. ಅಲ್ಲಿರುವವರಿಗೆ ಹಾಸಿಗೆ ಬದಲಿಸುವ ಅಧಿಕಾರ ಇರುವುದಿಲ್ಲ. ಡ್ಯೂಟಿ ಡಾಕ್ಟರಿಗೆ ಹೇಳಿ, ಆಗದಿದ್ದರೆ ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ) ಅಥವಾ ವೈದ್ಯಕೀಯ ಅಧೀಕ್ಷಕರನ್ನು ಕೇಳಿ. "ನಾನು ಹೆಂಗಸರ ವಾರ್ಡು ಕೇಳುತ್ತಿದ್ದೇನೆ, ಕೊಡಲು ಆಗದಿದ್ದರೆ ಕಾರಣವನ್ನು ಕೇಸ್ ಶೀಟಿನಲ್ಲಿ ಬರೆಯಿರಿ" ಅನ್ನಿ. ಬರೆಯಿರಿ ಅಂದ ಕೂಡಲೇ ಎಷ್ಟೋ ಹಾಸಿಗೆ ಖಾಲಿಯಾಗುವುದನ್ನು ನಾನು ನರ್ಸ್ ಆಗಿದ್ದಾಗ ಕಣ್ಣಾರೆ ನೋಡಿದ್ದೇನೆ! ಜಿಲ್ಲಾಧಿಕಾರಿ ಕೊಡುವ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಇದ್ದರೆ ಜೊತೆಗಿರಲಿ. ನಿಮ್ಮ ಮಾತನ್ನು ಯಾರೂ ಕೇಳದಿದ್ದರೆ, ಕಾಯ್ದೆ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು, ಅವರಿಗೆ ಬರವಣಿಗೆಯಲ್ಲಿ ಕೊಡಿ. ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು.

ಪ್ರಶ್ನೆ: ಅಕ್ಕಾ, ನಾನು ತಾಲ್ಲೂಕು ಆಸ್ಪತ್ರೆಯೊಂದರ ಸ್ಟಾಫ್ ನರ್ಸ್. ನಮ್ಮಲ್ಲಿ ಇರುವುದೇ ಗಂಡಸರದ್ದೊಂದು, ಹೆಂಗಸರದ್ದೊಂದು, ಹೆರಿಗೆಯದ್ದೊಂದು ವಾರ್ಡು. ಪ್ರತ್ಯೇಕ ವಾರ್ಡು ಎಲ್ಲಿಂದ ತರಲಿ? ಒಮ್ಮೆ ಒಬ್ಬ ಮಂಗಳಮುಖಿಯನ್ನು ಅವರ ಅನುಕೂಲಕ್ಕೇ ಅಂತ ಐಸೊಲೇಷನ್ ರೂಮಿಗೆ ಹಾಕಿದೆವು. ಅವರು ಸಿಟ್ಟಾದರು. ನಮ್ಮದೇನು ತಪ್ಪು?
– ಒಬ್ಬ ಸಿಸ್ಟರ್

ಉತ್ತರ: ಸಿಸ್ಟರ್, ನೀವು ಅವರನ್ನು ಕೇಳಿದಿರಾ? ಪತ್ರದಲ್ಲಿ ಆ ಮಾತೇ ಇಲ್ಲ. ಐಸೊಲೇಷನ್ ರೂಮು ಅಂದರೆ ಟಿಬಿ, ಚಿಕನ್ ಪಾಕ್ಸ್ ಅಂಥ ಅಂಟುರೋಗದವರ ಜಾಗ ಅಂತ ಊರಿಗೇ ಗೊತ್ತು. ಅಲ್ಲಿಗೆ ಹಾಕಿದರೆ ಸಂಜೆಯೊಳಗೆ "ಏನೋ ದೊಡ್ಡ ಕಾಯಿಲೆ ಇರಬೇಕು" ಅಂತ ಗುಸುಗುಸು ಶುರುವಾಗುತ್ತದೆ. ಅದೂ ಅಲ್ಲದೆ ಆ ರೂಮು ಸಾಮಾನ್ಯವಾಗಿ ಕಾರಿಡಾರಿನ ಆ ತುದಿಯಲ್ಲಿರುತ್ತದೆ. ಡ್ರಿಪ್ ಮುಗಿದು ಪೈಪಿನಲ್ಲಿ ರಕ್ತ ಏರಿದರೂ ಕೂಗಿದ್ದು ನಿಮಗೆ ಕೇಳಿಸುವುದಿಲ್ಲ.

ಪ್ರತ್ಯೇಕ ವಾರ್ಡುಗಳು ಅಲ್ಲಲ್ಲಿ ಶುರುವಾಗಿವೆ. ಮುಂಬೈನ ಜಿ.ಟಿ. ಆಸ್ಪತ್ರೆಯಲ್ಲಿ 2023ರಲ್ಲಿ 30 ಹಾಸಿಗೆಯದ್ದೊಂದು ತೆರೆದರು. ಒಳ್ಳೆಯದೇ, ಅಲ್ಲಿ ತಮ್ಮವರ ನಡುವೆ ನಿರಾಳವಾಗಿರಬಹುದು. ಆದರೆ ನನಗೊಂದು ಅನುಮಾನ ಇದೆ. ಕಾಲು ಮುರಿದವರು ಮೂಳೆ ವಾರ್ಡಿನಲ್ಲೇ ಇರಬೇಕು, ಎದೆನೋವಿನವರು ಮಾನಿಟರ್ ಇರುವ ಕಡೆಯೇ ಇರಬೇಕು. "ನಿಮ್ಮ ವಾರ್ಡು ಅಲ್ಲಿದೆ, ಹೋಗಿ" ಅಂತ ಎಲ್ಲ ಕಾಯಿಲೆಯವರನ್ನೂ ಒಂದೇ ಕಡೆ ತುಂಬಿದರೆ, ಆಯ್ಕೆ ಅಂತ ಕೊಟ್ಟದ್ದು ಗಡಿಪಾರು ಆಗಿಬಿಡುತ್ತದೆ.

ಹಾಸಿಗೆ ಕಮ್ಮಿ ಇರುವ ಕಡೆಯೂ ಮಾಡಬಹುದಾದದ್ದು ಬಹಳ ಇದೆ. ದಾಖಲಾದಾಗ, ಬೇರೆಯವರಿಗೆ ಕೇಳಿಸದ ಹಾಗೆ, ಎಲ್ಲಿದ್ದರೆ ಅನುಕೂಲ ಅಂತ ಕೇಳಿ. ಯಾವ ಹೆಸರಿನಿಂದ ಕರೆಯಲಿ ಅಂತಲೂ ಕೇಳಿ, ಕೇಸ್ ಶೀಟಿನ ಮೇಲೆ ಪೆನ್ಸಿಲಿನಲ್ಲಾದರೂ ಬರೆದಿಡಿ, ರಾತ್ರಿ ಪಾಳಿಯವರು ಹಳೇ ಹೆಸರು ಹಿಡಿದು ವಾರ್ಡಿಗೆಲ್ಲ ಕೇಳುವಂತೆ ಕೂಗದಿರಲಿ. ನಿಮ್ಮ ಟೇಬಲಿನ ಹತ್ತಿರದ, ಶೌಚಾಲಯಕ್ಕೂ ದೂರವಲ್ಲದ ಹಾಸಿಗೆ ಕೊಡಿ. ಸ್ಕ್ರೀನ್ ಎಳೆಯಿರಿ. ಹೊಟ್ಟೆನೋವು ಅಂತ ಬಂದವರ ಬಟ್ಟೆ ಸರಿಸಿ ನೋಡಲು ಹೌಸ್ ಸರ್ಜನ್‌ಗಳು (ತರಬೇತಿಯಲ್ಲಿರುವ ಡಾಕ್ಟರುಗಳು) ಗುಂಪುಗುಂಪಾಗಿ ಬಂದರೆ, ದಯವಿಟ್ಟು ನೀವೇ ಅಡ್ಡ ನಿಲ್ಲಿ.

ಇನ್ನೊಂದು ಕಡೆ, ಕೆಲವನ್ನು ಕೇಳಲೇಬೇಕು, ಮುಜುಗರ ಅಂತ ಬಿಡಬಾರದು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದಾರಾ? ಈಸ್ಟ್ರೊಜೆನ್ ತೆಗೆದುಕೊಳ್ಳುವವರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ, ಆಪರೇಷನ್ ಆಗಿ ಮಲಗಿದ್ದರಂತೂ ಇನ್ನೂ ಜಾಸ್ತಿ. ಜನನಾಂಗದ ಶಸ್ತ್ರಚಿಕಿತ್ಸೆ ಆಗಿದ್ದರೆ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವಾಗ ಮೂತ್ರದ್ವಾರದ ಜಾಗ, ಅಳತೆ ಬೇರೆ ಇರಬಹುದು. ಚಿಕಿತ್ಸೆಗೆ ಬೇಕಾದಷ್ಟು ಕೇಳಿ. "ಯಾವಾಗ ಹಿಂಗಾದಿರಿ" ಅನ್ನುವುದು ಚಿಕಿತ್ಸೆಗೆ ಬೇಡ.

ಹಾಸಿಗೆ ಯಾವುದು ಅಂತ ಚರ್ಚೆ ಮಾಡುತ್ತ ಕೂತರೆ ಏನಾಗಬಹುದು ಅನ್ನುವುದಕ್ಕೆ ಪಾಕಿಸ್ತಾನದ ಪೆಶಾವರದ ಘಟನೆ ಇದೆ. 2016ರಲ್ಲಿ ಅಲೀಶಾ ಎಂಬ ಟ್ರಾನ್ಸ್ ಹೋರಾಟಗಾರ್ತಿಗೆ ಗುಂಡೇಟು ಬಿತ್ತು. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಅಂತ ಆಸ್ಪತ್ರೆಯವರು ಹೊತ್ತು ಕಳೆದರು ಅಂತ ಜೊತೆಗಿದ್ದವರು ದೂರಿದರು. ಆಕೆ ಉಳಿಯಲಿಲ್ಲ. ತುರ್ತು ಅಂದಮೇಲೆ ಮೊದಲು ರಕ್ತ ನಿಲ್ಲಿಸಿ, ವಾರ್ಡಿನ ಮಾತು ಆಮೇಲೆ.

ಪ್ರಶ್ನೆ: ನನಗೆ ಟ್ರಾನ್ಸ್ ಮಹಿಳೆಯರ ಮೇಲೆ ದ್ವೇಷ ಇಲ್ಲ. ಆದರೆ ನಾಳೆ ನನ್ನ ಮಗಳು ಆಪರೇಷನ್ ಆಗಿ ಮಲಗಿದ್ದಾಗ ಪಕ್ಕದ ಹಾಸಿಗೆಯಲ್ಲಿ ಅವರಿದ್ದರೆ ಮುಜುಗರ ಆಗಲ್ವಾ? ಇದನ್ನು ಕೇಳುವುದೂ ತಪ್ಪಾ?
– ಒಬ್ಬ ತಾಯಿ, ತುಮಕೂರು

ಉತ್ತರ: ಕೇಳುವುದು ತಪ್ಪಲ್ಲಮ್ಮ. ಆದರೆ ನಮ್ಮ ಹೆಂಗಸರ ವಾರ್ಡುಗಳನ್ನೊಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಗಂಡು ಡಾಕ್ಟರು ಬರುತ್ತಾರೆ, ವಾರ್ಡ್ ಬಾಯ್ ಬರುತ್ತಾನೆ, ಎಷ್ಟು ಬೈದರೂ ಯಾರದೋ ಗಂಡ ಇಡ್ಲಿ ಪೊಟ್ಟಣ ಹಿಡಿದು ನುಗ್ಗುತ್ತಾನೆ. ನಿಮ್ಮ ಮಗಳಿಗೆ ಬೇಕಾದದ್ದು ಪರದೆ, ಬಾಗಿಲಿಗೆ ಚಿಲಕ ಇರುವ ಶೌಚಾಲಯ, ರಾತ್ರಿ ಎಚ್ಚರವಾಗಿರುವ ಸಿಸ್ಟರ್. ಪಕ್ಕದ ಹಾಸಿಗೆಯ ಟ್ರಾನ್ಸ್ ಮಹಿಳೆಗೂ ಬೇಕಾದದ್ದು ಅವೇ. ಯಾರೇ ಆಗಲಿ, ಕೆಟ್ಟದಾಗಿ ನಡೆದುಕೊಂಡರೆ ದೂರು ಕೊಡಿ. ಇಬ್ಬರಲ್ಲಿ ಒಬ್ಬರಿಗೆ ಕಷ್ಟ ಅನ್ನಿಸಿದರೆ, ಕಷ್ಟ ಅಂದವರು ಹಾಸಿಗೆ ಬದಲಾಯಿಸಿ ಅಂತ ಕೇಳಬಹುದು. ಇನ್ನೊಬ್ಬರನ್ನು ಎಬ್ಬಿಸಿ ಕಳಿಸಿ ಅನ್ನುವುದು ಮಾತ್ರ ಸರಿಯಲ್ಲ.

ಪ್ರಶ್ನೆ: ನನ್ನ ಗೆಳೆಯ ಟ್ರಾನ್ಸ್ ಪುರುಷ, ಹುಟ್ಟಿದಾಗ ಹೆಣ್ಣು ಅಂದಿದ್ದರು, ಬದುಕುತ್ತಿರುವುದು ಗಂಡಾಗಿ, ಗಡ್ಡ ಬಿಟ್ಟಿದ್ದಾನೆ. ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಮಾಡಿಸಿ ಅಂದಿದ್ದಾರೆ. ಸ್ತ್ರೀರೋಗ ವಾರ್ಡಿಗೆ ಹೋಗಲಾರೆ ಅಂತ ಮುಂದೂಡುತ್ತಲೇ ಇದ್ದಾನೆ.
– ಮೈಸೂರು

ಉತ್ತರ: ಆಪರೇಷನ್ ಮಾಡುವುದು ಸ್ತ್ರೀರೋಗ ತಜ್ಞರು ಅಂದಮಾತ್ರಕ್ಕೆ ಮಲಗುವುದೂ ಆ ವಾರ್ಡಿನಲ್ಲೇ ಆಗಬೇಕಾಗಿಲ್ಲ. ಸರ್ಜರಿ ವಾರ್ಡಿನ ಪಕ್ಕದ ಕೋಣೆಯೋ ಸ್ಪೆಷಲ್ ವಾರ್ಡೋ ಸಿಗುತ್ತದಾ ಅಂತ ದಾಖಲಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ಆ ದಿನ ಬೆಳಗ್ಗೆ ಹೋಗಿ ಕೇಳಿದರೆ ಆಗುವ ಕೆಲಸವಲ್ಲ. ಹೊರರೋಗಿ ವಿಭಾಗದಲ್ಲಿ ಸರತಿಯ ಕೊನೆಯ ಟೋಕನ್ ಕೇಳಿ, ಆಗ ಜನ ಕಮ್ಮಿ. ಖರ್ಚಿನ ವಿಷಯಕ್ಕೆ, ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಇರುವವರಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಂತ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಯೋಜನೆ ಪ್ರಕಟಿಸಿದೆ. ನಿಮ್ಮ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಕೇಳಿ. ಮುಂದೂಡುವುದು ಮಾತ್ರ ಬೇಡ.

ಪ್ರಶ್ನೆ: ಮನೆಯವರು ನನ್ನನ್ನು ಬಿಟ್ಟು ಎಷ್ಟೋ ಕಾಲ ಆಯಿತು. ಆಸ್ಪತ್ರೆಯಲ್ಲಿ ಜೊತೆಗೆ ಯಾರು ಅಂತ ಕೇಳಿದರೆ, ಮಂಗಳಮುಖಿ ಸಮುದಾಯದಲ್ಲಿ ನನ್ನನ್ನು ಚೇಲಾ (ಶಿಷ್ಯೆ) ಆಗಿ ಸೇರಿಸಿಕೊಂಡ ಗುರುವಿನ ಹೆಸರು ಹೇಳಬಹುದಾ? ಸಹಿಗೆ ರಕ್ತಸಂಬಂಧಿಯೇ ಬೇಕು ಅಂತಾರೆ.
– ಒಬ್ಬ ಚೇಲಾ

ಉತ್ತರ: ನಿಮಗೆ 18 ತುಂಬಿದೆ, ಪ್ರಜ್ಞೆ ಇದೆ ಅಂದಮೇಲೆ ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿಯೇ ಮುಖ್ಯ. ದಾಖಲಾಗುವಾಗ, ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಅನ್ನುವ ಜಾಗದಲ್ಲಿ ಗುರುವಿನ ಹೆಸರು, ಫೋನ್ ನಂಬರ್ ಬರೆಸಿ. ಅಟೆಂಡರ್ ಪಾಸ್ ಕೂಡ ಅವರ ಹೆಸರಿನಲ್ಲೇ ಮಾಡಿಸಿ. ಇಲ್ಲದಿದ್ದರೆ ರಾತ್ರಿ ಗೇಟಿನಲ್ಲಿ ಸೆಕ್ಯೂರಿಟಿಯವರು ಅವರನ್ನು ಒಳಗೆ ಬಿಡುವುದಿಲ್ಲ.