ವಿಆರ್ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದರೆ ಹಲ್ಲು ಕೀಳೋಕೆ ಕೈ ಪಳಗುತ್ತಾ?

ನೀವು ಬಿಡಿಎಸ್ ಮೂರನೇ ವರ್ಷ, ಕಾಲೇಜಿಗೆ ಹೊಸದಾಗಿ ವಿಆರ್ (ವರ್ಚುವಲ್ ರಿಯಾಲಿಟಿ) ಸಿಮ್ಯುಲೇಟರ್ ಬಂದಿದೆ. ಅದರಲ್ಲಿ ಅಭ್ಯಾಸ ಮಾಡಿದರೆ ಹಲ್ಲು ಕೀಳುವುದಕ್ಕೆ, ಬುದ್ಧಿ ಹಲ್ಲಿನ ಸರ್ಜರಿಗೆ ಕೈ ಪಳಗುತ್ತದಾ, ಮನೆಗೂ ಒಂದು ಹೆಡ್‌ಸೆಟ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನು ಓರಲ್ ಸರ್ಜರಿ ವಿಭಾಗದಲ್ಲಿ ಪಾಠ ಮಾಡುವವನು. ಒಂದೇ ಮಾತಲ್ಲಿ ಹೇಳಬೇಕೆಂದರೆ, ಮೂಳೆ ಕೊರೆಯುವುದಕ್ಕೆ ಪಳಗುತ್ತದೆ, ಹಲ್ಲು ಕೀಳುವುದಕ್ಕೆ ಪಳಗುವುದಿಲ್ಲ. ಯಾಕೆ ಅಂತ ಗೊತ್ತಾದರೆ ಆ ಯಂತ್ರದ ಮುಂದೆ ಎಷ್ಟು ಹೊತ್ತು ಕೂರಬೇಕು ಅನ್ನುವುದು ನಿಮಗೇ ತಿಳಿಯುತ್ತದೆ.

ಮೊದಲು ನಿಮ್ಮ ಕಾಲೇಜಿನಲ್ಲಿ ಇರುವುದು ಯಾವುದು ಅಂತ ನೋಡಿ. 'ವಿಆರ್' ಅಂತ ಬೋರ್ಡ್ ಹಾಕಿದ್ದೆಲ್ಲ ಒಂದೇ ಅಲ್ಲ. ಬರೀ ಹೆಡ್‌ಸೆಟ್, ಎರಡು ಕಂಟ್ರೋಲರ್ ಇದ್ದರೆ ಅದರಲ್ಲಿ ಕೈಗೆ ಏನೂ ತಾಗುವುದಿಲ್ಲ, ಸುಮ್ನೆ ಗುಂಯ್ ಅನ್ನುತ್ತದೆ ಅಷ್ಟೆ. ಇನ್ನೊಂದು ಬಗೆ ಹ್ಯಾಪ್ಟಿಕ್ ಯಂತ್ರ. ಆಮ್‌ಸ್ಟರ್‌ಡ್ಯಾಮ್‌ನ ದಂತ ಕಾಲೇಜಿನ ಜೊತೆ ಸೇರಿ ತಯಾರಿಸಿದ ಸಿಮೊಡಾಂಟ್, ಸ್ವೀಡನ್ನಿನ ಕೋಬ್ರಾ, ಹ್ಯಾಂಬರ್ಗ್‌ನ ವಾಕ್ಸೆಲ್‌ಮ್ಯಾನ್ ಈ ಜಾತಿಯವು. ನೀವು ಹಿಡಿದ ಹ್ಯಾಂಡ್‌ಪೀಸ್‌ಗೆ ಸಣ್ಣ ಮೋಟಾರುಗಳ ತೋಳು ಕಟ್ಟಿರುತ್ತದೆ. ಪರದೆಯಲ್ಲಿ ಬರ್ (ಕೊರೆಯುವ ಮೊನೆ) ಮೂಳೆಗೆ ತಾಗಿದ ಕೂಡಲೇ ಆ ತೋಳು ನಿಮ್ಮ ಕೈಯನ್ನು ತಡೆಯುತ್ತದೆ. ಚಿತ್ರ ಸೆಕೆಂಡಿಗೆ 60 ಸಲ ಬದಲಾದರೆ ಕಣ್ಣಿಗೆ ಸಾಕು. ಕೈಗೆ ಅದು ಸಾಲದು. ತಡೆಯ ಲೆಕ್ಕ ಸೆಕೆಂಡಿಗೆ ಸುಮಾರು 1000 ಸಲ ಆಗಬೇಕು, ಇಲ್ಲದಿದ್ದರೆ ಗಟ್ಟಿ ಎನಾಮೆಲ್ ಕೂಡ ಮೆತ್ತಗೆ ಅನ್ನಿಸುತ್ತದೆ, ಇಲ್ಲವೇ ಕೈ ನಡುಗಿದಂತಾಗುತ್ತದೆ.

ಈಗ ತೊಡಕಿನ ವಿಷಯ. ಈ ತೋಳಿಗೆ ಎಷ್ಟು ಬಲ ಇದೆ? ಮೇಜಿನ ಮೇಲಿಡುವ, ಪೆನ್ನಿನಂಥ ಹಿಡಿಕೆಯ 'ಟಚ್' ಅನ್ನುವ ಸಾಧನವನ್ನು ಬಹಳ ಕಡೆ ಬಳಸುತ್ತಾರೆ. ಅದು ಹೆಚ್ಚೆಂದರೆ 3.3 ನ್ಯೂಟನ್ ತಡೆ ಕೊಡುತ್ತದೆ. ಅಂದರೆ ಸುಮಾರು 340 ಗ್ರಾಂ ತೂಕದಷ್ಟು. ದೊಡ್ಡ ಯಂತ್ರಗಳಲ್ಲಿ ಇನ್ನೂ ಜಾಸ್ತಿ ಇರುತ್ತದೆ, ಒಪ್ಪುತ್ತೇನೆ. ಬರ್ ಹಿಡಿದು ಕೊರೆಯುವಾಗ ನಾವು ಹಾಕಬೇಕಾದದ್ದೂ ಇಷ್ಟೇ ಹಗುರ ಒತ್ತಡ, ಆದ್ದರಿಂದ ಅಲ್ಲಿ ಅದು ಸರಿಹೊಂದುತ್ತದೆ. ಆದರೆ ಕೆಳದವಡೆಯ ದವಡೆ ಹಲ್ಲನ್ನು ಫೋರ್ಸೆಪ್ಸ್‌ನಲ್ಲಿ ಹಿಡಿದು ಅಲುಗಾಡಿಸಲು ಇದರ ಹತ್ತಾರು ಪಟ್ಟು ಬಲ ಬೇಕು. ಅಷ್ಟು ಬಲಕ್ಕೆ ಎದುರು ನಿಲ್ಲುವ ತಾಕತ್ತು ಆ ಪುಟ್ಟ ತೋಳಿಗೆ ಇಲ್ಲ.

ಬಲ ಮಾತ್ರ ಅಲ್ಲ, ಎಡಗೈ ಕೂಡ. ಹಲ್ಲು ಕೀಳುವಾಗ ಎಡಗೈ ಏನು ಮಾಡುತ್ತಿರುತ್ತದೆ ಅಂತ ಒಪಿಡಿಯಲ್ಲಿ ನಿಂತು ನೋಡಿ. ಹೆಬ್ಬೆರಳು, ತೋರುಬೆರಳು ಹಲ್ಲಿನ ಎರಡೂ ಕಡೆ ವಸಡಿನ ಮೇಲೆ ಕೂತಿರುತ್ತವೆ, ಉಳಿದ ಬೆರಳುಗಳು ದವಡೆಯನ್ನು ಕೆಳಗಿನಿಂದ ಹಿಡಿದಿರುತ್ತವೆ. ಸಾಕೆಟ್ (ಹಲ್ಲು ಕೂತ ಮೂಳೆಯ ಗೂಡು) ನಿಧಾನವಾಗಿ ಅಗಲವಾಗುವುದು ಮೊದಲು ಗೊತ್ತಾಗುವುದು ಆ ಎರಡು ಬೆರಳಿಗೆ. ಬಲಗೈ ಇನ್ನೂ ತಿರುಗಿಸಬೇಕೋ, ತಡೆಯಬೇಕೋ ಅಂತ ಎಡಗೈ ಹೇಳುತ್ತದೆ. ಎಲಿವೇಟರ್ (ಹಲ್ಲನ್ನು ಮೀಟುವ ಸಲಕರಣೆ) ಜಾರಿದರೆ ತಡೆಯುವುದೂ ಅದೇ ಬೆರಳು. ಸಿಮ್ಯುಲೇಟರ್‌ನಲ್ಲಿ ಎಡಗೈಗೆ ಹೆಚ್ಚೆಂದರೆ ಒಂದು ಕನ್ನಡಿ ಕೊಡುತ್ತಾರೆ. ನಿಲ್ಲುವ ಜಾಗವನ್ನೂ ಅದು ಕಲಿಸುವುದಿಲ್ಲ. ಬಲಗೈಯವರು ಕೆಳದವಡೆಯ ಬಲಭಾಗದ ಹಲ್ಲಿಗೆ ರೋಗಿಯ ಹಿಂದೆ ನಿಲ್ಲಬೇಕು, ಎಡಭಾಗಕ್ಕೆ ಮುಂದೆ ಬರಬೇಕು, ಕುರ್ಚಿ ಮೊಣಕೈ ಮಟ್ಟಕ್ಕೆ ಇಳಿಸಬೇಕು. ಯಂತ್ರದ ಮುಂದೆ ಹಾಯಾಗಿ ಸ್ಟೂಲ್ ಮೇಲೆ ಕೂತಿರುತ್ತೀರಿ.

ಹಾಗಂತ ಅದನ್ನು ತಳ್ಳಿಹಾಕಬೇಡಿ. ಬುದ್ಧಿ ಹಲ್ಲಿನ ಸರ್ಜರಿಯಲ್ಲಿ ಮೂಳೆ ತೆಗೆಯುವ ಹಂತಕ್ಕೆ ಇದು ನಿಜಕ್ಕೂ ಒಳ್ಳೆಯದು. ಕೆನ್ನೆ ಕಡೆಯ ಮೂಳೆಯಲ್ಲಿ ಹಲ್ಲಿನ ಸುತ್ತ ಗಟರ್ (ಸಣ್ಣ ತೋಡು) ಕೊರೆದು ಹಿಂದಕ್ಕೆ ಹೋಗುತ್ತೀರಿ. ನಾಲಿಗೆ ಕಡೆಯ ತೆಳು ಮೂಳೆ ಒಡೆದು ಬರ್ ಆಚೆ ಹೋದರೆ ನಾಲಿಗೆಯ ಲಿಂಗ್ವಲ್ ನರ ಅಲ್ಲೇ ಇದೆ. ಬೇರಿನ ಕೆಳಗೆ ಇನ್ನೊಂದು ನರದ ಕಾಲುವೆ ಇದೆ. ಸಿಮ್ಯುಲೇಟರ್‌ನಲ್ಲಿ ಕೆಲಸ ನಿಲ್ಲಿಸಿ ದವಡೆಯನ್ನು ಪಾರದರ್ಶಕ ಮಾಡಿ ನರ ಎಷ್ಟು ದೂರ ಇತ್ತು ಅಂತ ನೋಡಬಹುದು. ಯಾವ ರೋಗಿಯ ಬಾಯಲ್ಲೂ ಇದು ಆಗದ ಮಾತು. ಕೆಳದವಡೆ ಮರಗಟ್ಟಿಸುವ ಅರಿವಳಿಕೆಯ ಚುಚ್ಚುಮದ್ದು, ಅಂದರೆ ಬ್ಲಾಕ್, ಕೊಡುವುದಕ್ಕೂ ಇದೇ ಲಾಭ. ಸೂಜಿ ಸುಮಾರು 20ರಿಂದ 25 ಮಿಲಿಮೀಟರ್ ಒಳಗೆ ಹೋದಾಗ ಮೂಳೆ ತಾಗಬೇಕು. ಬೇಗ ತಾಗಿದರೆ ಮುಂದೆ ಚುಚ್ಚಿದ್ದೀರಿ, ತಾಗಲೇ ಇಲ್ಲವೆಂದರೆ ಹಿಂದೆ ಹೋಗಿದ್ದೀರಿ. ಹಾಗೇ ಮದ್ದು ಬಿಟ್ಟರೆ ರೋಗಿಯ ಅರ್ಧ ಮುಖ ಕೆಲವು ಗಂಟೆ ಸೊಟ್ಟಗಾಗಬಹುದು. ಸೂಜಿಯ ಕೋನದ ಲೆಕ್ಕ ತಲೆಗೆ ಹತ್ತುವವರೆಗೆ ಯಂತ್ರದಲ್ಲಿ ಮಾಡಿ.

ಹ್ಯಾಂಬರ್ಗ್‌ನವರ 2007ರ ಒಂದು ಅಧ್ಯಯನ ನನಗೆ ಹಿಡಿಸಿದ್ದು. ಬೇರಿನ ತುದಿ ಕತ್ತರಿಸುವ ಸರ್ಜರಿಯನ್ನು ಮೊದಲು ಯಂತ್ರದಲ್ಲಿ ಅಭ್ಯಾಸ ಮಾಡಿಸಿ, ಆಮೇಲೆ ಹಂದಿಯ ದವಡೆಯಲ್ಲಿ ಮಾಡಿಸಿದರು. ಅಭ್ಯಾಸ ಮಾಡಿದ್ದವರು ಮೂಳೆ ಕಡಿಮೆ ತೆಗೆದರು, ಅಕ್ಕಪಕ್ಕಕ್ಕೆ ಏಟೂ ಕಡಿಮೆ. ಇದು ಕೈ ಕೆಲಸ ಅಳೆದದ್ದು. 2018ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ನಮ್ಮ ದೇಶದ ಹಲವು ಊರುಗಳ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ಮೇಲ್ದವಡೆಯ ಸರ್ಜರಿಯನ್ನು ಹೆಡ್‌ಸೆಟ್‌ನಲ್ಲಿ ತೋರಿಸಿದರು, ಅವರ ಆತ್ಮವಿಶ್ವಾಸ ಹೆಚ್ಚಿತು ಅಂತ ಬಂತು. ಧೈರ್ಯ ಬರುವುದೂ ಒಳ್ಳೆಯದೇ. ಆದರೆ ಧೈರ್ಯ ಬಂದ ಮಾತ್ರಕ್ಕೆ ಕೈ ಬಂತು ಅಂತಲ್ಲ, ಅಲ್ವಾ?

ಯಂತ್ರ ಕೊಡುವ ಮಾರ್ಕ್ಸ್ ಬಗ್ಗೆಯೂ ಹುಷಾರು. ನಮ್ಮ ಹುಡುಗರು ಎರಡೇ ದಿನದಲ್ಲಿ ಸ್ಕೋರ್ ಬರಿಸುವ ದಾರಿ ಕಂಡುಕೊಳ್ಳುತ್ತಾರೆ. ಒತ್ತಿ ಕೊರೆದು ಬೇಗ ಮುಗಿಸುತ್ತಾರೆ, ಸಮಯದ ಅಂಕ ಸಿಗುತ್ತದೆ. ನಿಜವಾದ ಮೂಳೆ ಹಾಗೆ ಒತ್ತಿದರೆ ಬಿಸಿಯಾಗಿ ಸುಡುತ್ತದೆ. ನೀರು ಬಿಡುತ್ತಲೇ, ಬರ್ ಎತ್ತಿ ಎತ್ತಿ ಕೊರೆಯಬೇಕು. ಇನ್ನೊಂದು, ಕೈಗೆ ಆಸರೆ ಕೊಡದ ಸೆಟಪ್‌ನಲ್ಲಿ ಕೂರಲೇಬೇಡಿ. ಉಂಗುರ ಬೆರಳು ಊರದೆ ಗಾಳಿಯಲ್ಲಿ ಕೊರೆಯುವ ಅಭ್ಯಾಸ ಒಮ್ಮೆ ಬಿದ್ದರೆ ಬಿಡಿಸುವುದು ನಮಗೆ ತಲೆನೋವು.

ಫ್ಲ್ಯಾಪ್ ಎತ್ತುವುದು (ವಸಡನ್ನು ಕೊಯ್ದು ಮೂಳೆಯಿಂದ ಬಿಡಿಸುವುದು), ಹೊಲಿಗೆ ಹಾಕುವುದು ಯಂತ್ರದಲ್ಲಿ ಇನ್ನೂ ಅಷ್ಟಕ್ಕಷ್ಟೇ. ವಸಡು ಬಗ್ಗುತ್ತದೆ, ಹರಿಯುತ್ತದೆ, ರಕ್ತ ಒಸರುತ್ತದೆ. ಇದಕ್ಕೆ ಮಟನ್ ಅಂಗಡಿಯ ಕುರಿ ತಲೆಯೇ ಸರಿ. ತಲೆಯನ್ನು ಸುಡದೆ, ಕೊಚ್ಚದೆ ಕೊಡಿ ಅಂತ ಮೊದಲೇ ಹೇಳಿಡಿ. ಸುಟ್ಟ ತಲೆಯಲ್ಲಿ ವಸಡು ಗಟ್ಟಿಯಾಗಿ ಮೂಳೆಗೆ ಅಂಟಿರುತ್ತದೆ, ಎತ್ತಲು ಬರುವುದಿಲ್ಲ. ಮಾಂಸ ಮುಟ್ಟದವರು ನಿಮ್ಮ ಬ್ಯಾಚಿನಲ್ಲಿದ್ದರೆ ಸಿಲಿಕೋನ್ ಪ್ಯಾಡ್ ಇದೆ.

ಹಲ್ಲು ಕೀಳುವುದನ್ನು ಕಲಿಯುವುದು ಕುರ್ಚಿಯ ಪಕ್ಕದಲ್ಲಿ ನಿಂತೇ. ಪಿಜಿಗಳಿಗೆ ಸಹಾಯಕ್ಕೆ ನಿಲ್ಲಿ, ಕೆನ್ನೆ ಸರಿಸುವ ರಿಟ್ರಾಕ್ಟರ್ ಹಿಡಿಯಿರಿ. ಮೊದಲ ಕೇಸಿಗೆ ತುಂಬಾ ಅಲ್ಲಾಡುವ ಹಲ್ಲನ್ನೇ ಕೇಳಿ ಪಡೆಯಿರಿ. ಕ್ಯಾಂಪಿನಿಂದ ಕಾಲೇಜು ಬಸ್ಸಿನಲ್ಲಿ ಬಂದ ಅಜ್ಜಿ 'ಮಾಡಪ್ಪಾ' ಅಂತ ಬಾಯಿ ತೆರೆದು ಕೂರುತ್ತಾಳೆ. ಆಕೆ ಸುಮ್ಮನಿದ್ದಾಳೆ ಅಂತ ಕೋನದ ಲೆಕ್ಕವನ್ನು ಆಕೆಯ ಬಾಯಲ್ಲಿ ಕಲಿಯುವುದು ಬೇಡ. ಅದಕ್ಕೇ ಯಂತ್ರ ಇರುವುದು.

ಇನ್ನು ಮನೆಗೆ ಹೆಡ್‌ಸೆಟ್ ಬೇಡ. ಹಂತಗಳ ಕ್ರಮ ನೆನಪಿಡಲು ವಿಡಿಯೊ ಸಾಕು. ಆ ದುಡ್ಡಿನ ಒಂದು ಸಣ್ಣ ಪಾಲಿನಲ್ಲೇ ಒಳ್ಳೆಯ ನೀಡಲ್ ಹೋಲ್ಡರ್, ಟಿಶ್ಯೂ ಫೋರ್ಸೆಪ್ಸ್, 3-0 ಸಿಲ್ಕ್ ಹೊಲಿಗೆ ದಾರ ಬರುತ್ತದೆ.