ಅರ್ಜಿ ತುಂಬಲು ಕೈಯೇ ಏಳುತ್ತಿಲ್ಲ

ಪ್ರಶ್ನೆ: ಶನಿವಾರಸಂತೆ ಬಳಿಯ ಹಳ್ಳಿಯವಳಾದ ನಾನು ಎಂ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಎರಡು ಎಕರೆ ಕಾಫಿ ತೋಟದ ಆದಾಯದಲ್ಲಿಯೇ ಅಪ್ಪ ನನ್ನನ್ನು ಓದಿಸಿದ್ದಾರೆ. ಸಹಪಾಠಿಗಳು ಬ್ಯಾಂಕ್ ಪರೀಕ್ಷೆ, ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ರಾಜ್ಯ ಅರ್ಹತಾ ಪರೀಕ್ಷೆ) ಎಂದು ತಯಾರಿಗೆ ತೊಡಗಿದ್ದರೆ, ‘ಹೇಗೂ ಆಗುವುದಿಲ್ಲ’ ಎನ್ನಿಸಿ ನನಗೆ ಅರ್ಜಿ ತುಂಬಲು ಕೂಡ ಕೈ ಏಳುವುದಿಲ್ಲ. ಮನೆಯವರು ಒಳ್ಳೆಯವರು, ಆದರೂ ಅವರಿಗೆ ಇದನ್ನು ಹೇಳಲಾರೆ. ಇದು ಸೋಮಾರಿತನವೇ?
– ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಇಲ್ಲಿ ಕೆಲವೇ ಸಾಲುಗಳಿಗೆ ಇಳಿಸಿದ್ದೇವೆ. ಸೋಮಾರಿಗಳು ನಾಲ್ಕು ಪುಟ ಬರೆದು ಅಂಚೆಗೆ ಹಾಕುವುದಿಲ್ಲ.

ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಸಂಗಡಿಗರು 1974ರಲ್ಲಿ ಹತಾಶೆಯನ್ನು ಅಳೆಯಲು 20 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಇಂದಿನ ದುಃಖ ಎಷ್ಟಿದೆ ಎಂಬುದಕ್ಕಿಂತ, ನಾಳೆಯಿಂದ ನೀವು ಏನನ್ನು ನಿರೀಕ್ಷಿಸುತ್ತೀರಿ ಎಂಬುದನ್ನು ಅದು ಕೇಳುತ್ತದೆ. ಸೋಲು ಖಚಿತವೆಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟರೆ ಓದಲು ಕಾರಣವೇ ಉಳಿಯುವುದಿಲ್ಲ. ಓದದೆ ಬರೆದ ಪರೀಕ್ಷೆ ಕೈಕೊಟ್ಟಾಗ ಆ ತೀರ್ಮಾನವೇ ಸರಿಯಾಗಿತ್ತು ಎಂದು ತೋರುತ್ತದೆ. ನೀವು ಸಿಲುಕಿರುವುದು ಈ ಸುಳಿಯಲ್ಲಿ.

ಇನ್ನು ಮನೆಯವರ ಮಾತು. ಬೆಂಬಲ ಎಂದಾಗ ನಾವು ಪ್ರೀತಿಯನ್ನಷ್ಟೇ ನೆನೆಯುತ್ತೇವೆ, ಆದರೆ ತಿಳಿವಳಿಕೆ ಕೊಡುವುದೂ ಕೈನೆರವೂ ಬೆಂಬಲವೇ. ನಿಮ್ಮ ಮನೆಯಲ್ಲಿ ಪ್ರೀತಿ ಧಾರಾಳವಾಗಿದೆ. ಯಾವ ಪರೀಕ್ಷೆಗೆ ಯಾವ ಪುಸ್ತಕ ಓದಬೇಕೆಂಬುದನ್ನು ಮಾತ್ರ ಅವರಿಂದ ನಿರೀಕ್ಷಿಸಲಾಗದು. (ಮದುವೆ ಮನೆಗಳಲ್ಲಿ ‘ಕೆಲಸ ಸಿಕ್ಕಿತಾ?’ ಎಂದು ಕೇಳುವವರನ್ನು ಯಾವ ಲೆಕ್ಕಕ್ಕೂ ಸೇರಿಸಬೇಡಿ.) ಪರಿಚಿತರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಸುದ್ದಿ ತಂದವರಲ್ಲಿ ಆಪ್ತರಿಗಿಂತ ಅಪರೂಪಕ್ಕೆ ಭೇಟಿಯಾಗುವವರೇ ಹೆಚ್ಚೆಂದು 1973ರಲ್ಲಿ ಬರೆದರು. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ ಎಂಬುದು ಅವರ ವಿವರಣೆ.

ರೈಲೂ ಇಲ್ಲದ ನಮ್ಮ ಕೊಡಗು ಜಿಲ್ಲೆಯಿಂದ ಮೈಸೂರಿಗೆ ಹೋಗಿ, ರೂಮು ಹಿಡಿದು ಕೋಚಿಂಗ್ ಸೇರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ ನಿಮ್ಮ ವಿಭಾಗದಿಂದಲೇ ಒಂದೆರಡು ವರ್ಷಗಳ ಹಿಂದೆ ಹೊರಬಿದ್ದು ಈಗ ಬ್ಯಾಂಕಿನಲ್ಲಿಯೋ ಆಡಿಟರ್ ಕಚೇರಿಯಲ್ಲಿಯೋ ಇರುವ ಸೀನಿಯರ್ ಒಬ್ಬರಿಗೆ ನಿಮ್ಮ ನಂಬರ್ ತಲುಪಿಸುವಂತೆ ಉಪನ್ಯಾಸಕರನ್ನು ಕೇಳಿ. ಮಾತಿಗೆ ಸಿಕ್ಕಾಗ, ಮೊದಲ ಮೂರು ತಿಂಗಳು ಏನು ಓದಿದಿರಿ, ಎಷ್ಟು ಬಾರಿ ಫೇಲಾದಿರಿ ಎಂದು ವಿಚಾರಿಸಿ. ‘ಕೆಲಸ ಕೊಡಿಸಿ’ ಎಂದರೆ ಜನ ಮುಂದೆ ಫೋನೇ ಎತ್ತುವುದಿಲ್ಲ. ತಮ್ಮ ಸೋಲಿನ ಕಥೆ ಹೇಳಲು ಗೆದ್ದವರಿಗೆ ಬೇಸರವಿರುವುದಿಲ್ಲ. ಆ ಕಥೆಯೇ ನಿಮಗೆ ಈಗ ಬೇಕಾದದ್ದು.

‘ಹೇಗೂ ಆಗುವುದಿಲ್ಲ’ ಎಂಬುದು ಪರೀಕ್ಷೆಯನ್ನು ದಾಟಿ ಬದುಕೇ ಬೇಡವೆನ್ನಿಸುವಲ್ಲಿಗೆ ಬಂದರೆ, ಅಥವಾ ನಿದ್ರೆ, ಊಟ ವಾರಗಟ್ಟಲೆ ಕೆಟ್ಟರೆ, ಅದೇ ದಿನ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಅಪ್ಪನಿಗೆ ಎಲ್ಲವನ್ನೂ ಒಮ್ಮೆಲೇ ಹೇಳಬೇಕಾಗಿಲ್ಲ. ಕಾಫಿ ಕೊಯ್ಲು ಶುರುವಾದರೆ ಮನೆಮಂದಿಯೆಲ್ಲ ತೋಟದಲ್ಲಿ, ಕಣದಲ್ಲಿ ಇರಬೇಕಾಗುತ್ತದೆ ಎಂದು ಬರೆದಿದ್ದೀರಿ. ಆ ದಿನಗಳಲ್ಲಿ ಬೆಳಗಿನ ಎರಡು ಗಂಟೆ ಓದಿಗೆ ಬಿಟ್ಟುಕೊಡಿ ಎಂದು ಅವರನ್ನು ಕೇಳಿ. ಏಕೆಂದು ಅವರು ಕೇಳಿಯೇ ಕೇಳುತ್ತಾರೆ; ಉಳಿದ ಮಾತನ್ನು ಅಲ್ಲಿಂದ ಶುರುಮಾಡಬಹುದು.